ದುಂಡಮ್ಮನ ಜೀಪಿಗೆ ಗುರುಮಲ್ಲ ಟಾಪು ತಂದದ್ದು

ಊರು ಅಂದ್ಮೇಲೆ ಒಬ್ಬ ಪೆದ್ದ ಇರ್ಲೇಬೇಕಲ್ಲ, ತಾಳುಗಟ್ಟೆಯೋರು ಅವನನ್ನ ಹುಡುಕೋ ಕಷ್ಟ ಪಡಲಿಲ್ಲ. ದುಂಡಮ್ಮನ ಮಗ ಗುರುಮಲ್ಲ ಇದ್ದ. ಆಳು ಎತ್ತರ, ರಾಗಿ ಮೂಟೆ ಎತ್ತಿ ಹೆಗಲಿಗೆ ಹಾಕ್ಕೊಂಡ್ರೆ ದಿಂಬು ಎತ್ತಿದ ಹಾಗೆ. ಮನಸ್ಸು ಹಾಲು. ತಲೆ ಮಾತ್ರ, ಬಿಡಿ, ಅದರ ಸುದ್ದಿ ಬೇಡ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಒಂದು ಕೂದಲು ಆಚೆಗಿಲ್ಲ, ಒಂದು ಕೂದಲು ಈಚೆಗಿಲ್ಲ. ಅದೇ ಅವನ ರೋಗ. "ಹಾಲು ಉಕ್ತದಾ ನೋಡ್ಲಾ" ಅಂದ್ರೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಉಕ್ಕೋದನ್ನ ಕಣ್ತುಂಬ ನೋಡಿ, "ಉಕ್ತು ಕಣವ್ವ, ಚೆನ್ನಾಗಿ ಉಕ್ತು" ಅಂತ ಬಂದು ಹೇಳೋನು.

ದುಂಡಮ್ಮನ ಗಂಡ ಸತ್ತಾಗ ಅವಳಿಗೆ ಬಿಟ್ಟುಹೋದದ್ದು ಒಂದು ಹಳೇ ಜೀಪು, ಒಬ್ಬ ಈ ಮಗ. ಎರಡಕ್ಕೂ ದಿನಾ ಬೆಳಗ್ಗೆ ತಳ್ಳು ಬೇಕು. ಆದ್ರೆ ದುಂಡಮ್ಮ ಅಂದ್ರೆ ಏನು ಅಂದ್ಕೊಂಡ್ರಿ? ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಸ್ಟೇರಿಂಗು ಹಿಡಿದಳು. ಬಸ್ಸು ಹತ್ತದ ಬೆಟ್ಟದ ದಾರೀಲಿ ಜನ ಹತ್ತಿಸಿಕೊಂಡು ಹೋಗಿ ಇಳಿಸಿ ಬರೋಳು.

ಅವಳ ಮಗಳು ಕೆಂಪಾಜಿಯನ್ನ ಬೆಟ್ಟದ ಮೇಲಿನ ಕಾರೆದೊಡ್ಡಿಗೆ ಕೊಟ್ಟಿದ್ರು. ಕೆಂಪಾಜಿ ತುಂಬಿದ ಬಸುರಿ. ಹೋದ ಸಲ ಹೆರಿಗೆ ಹೊತ್ತಿಗೆ ಈ ಜೀಪು ಎಂಜಿನ್ ಬಿಚ್ಕೊಂಡು ಗ್ಯಾರೇಜಲ್ಲಿ ಮಲಗಿತ್ತು. ಡೋಲಿ ಕಟ್ಟಿ, ಕಂಬಳಿ ಹೊದಿಸಿ, ಹೊತ್ಕೊಂಡು ಇಳಿದಿದ್ರು. ದಾರಿ ಉದ್ದಕ್ಕೂ ಮಳೆ. ಮಗು ದಕ್ಕಲಿಲ್ಲ. ಕೆಂಪಾಜಿಗೆ ಚಳಿಜ್ವರ ಹಿಡಿದು ಅವಳು ಉಳಿದದ್ದೇ ಹೆಚ್ಚು. ಅವತ್ತಿಂದ ದುಂಡಮ್ಮನಿಗೆ ಒಂದೇ ಹಟ: ಈ ಸಲ ನನ್ನ ಮಗಳನ್ನ ನಾನೇ ಜೀಪಲ್ಲಿ ಇಳಿಸಿ ತರ್ತೀನಿ, ಅವಳ ಮೇಲೆ ಒಂದು ಹನಿ ಬೀಳಕೂಡದು.

ಹಿಂಗಾರು ಶುರುವಾಗೋ ಹೊತ್ತು. ದುಂಡಮ್ಮ ಮಗನ್ನ ಕರೆದಳು.

"ಮಲ್ಲ, ಆ ಹುಣಸೆ ಕೊಂಬೆ ಜೀಪಿನ ಮೇಲಕ್ಕೇ ಬಗ್ಗಿ ನಿಂತದೆ. ಗಾಳಿ ಬಂದ್ರೆ ಬಿದ್ದುಹೋಯ್ತದೆ. ಕಡ್ದಾಕ್ಲಾ!"

ಕಡಿದ. ಕೊಂಬೆ ಬಿತ್ತು. ಎಲ್ಲಿಗೆ ಬಿತ್ತು? ಇನ್ನೆಲ್ಲಿಗೆ!

ಜೀಪಿನ ತಗಡಿನ ಟಾಪು, ಸೂರು ಗೋಡೆ ಎಲ್ಲ ಸೇರಿದ ಮುಚ್ಚಿಗೆ, ಹಪ್ಪಳದ ಹಾಗೆ ಮುರಿದು, ನಡುವಿಗೆ ಸೀಳಿ, ಹಿಂದಿನ ಬಾಗಿಲು ಎತ್ತಲೋ, ಗಾಜು ಎತ್ತಲೋ. ದುಂಡಮ್ಮ ಓಡಿ ಬಂದು ತಲೆ ಮೇಲೆ ಕೈ ಹೊತ್ತು ಕೂತಳು.

"ಏನ್ಲಾ ಮಾಡ್ಬುಟ್ಟೆ!"

"ಕಡಿ ಅಂದೆ, ಕಡ್ದೆ. ಜೀಪು ಸರಿಸು ಅಂದ್ಯಾ?"

ಇದಕ್ಕೆ ಏನು ಹೇಳ್ತೀರಿ ಹೇಳಿ! ದುಂಡಮ್ಮ ಎದ್ದು ಜೀಪಿನ ಸುತ್ತ ಒಂದು ಸುತ್ತು ಬಂದಳು. ಸದ್ಯ, ಜೀಪಿನ ಮೈ ಉಳಿದಿತ್ತು, ಎಂಜಿನ್ ಉಳಿದಿತ್ತು. ಟಾಪು ಒಂದು ಹೊಸದಾಗಿ ಹಾಕಿಸಬೇಕು. ಬಟ್ಟೆ ಹುಡ್ಡು ಹಾಕೋಣ ಅಂದ್ರೆ ಬೆಟ್ಟದ ಗಾಳಿಗೆ ನಿಲ್ಲಲ್ಲ, ದಾರಿಯ ಬಿದಿರು ಮುಳ್ಳು ಹರಿದುಹಾಕ್ತದೆ. ಗಟ್ಟಿ ಟಾಪೇ ಬೇಕು. ಈ ಹಳೇ ಜೀಪಿಗೆ ಹೊಸ ಟಾಪು ಯಾವ ಅಂಗಡೀಲೂ ಸಿಗಲ್ಲ, ಗುಜರೀಲೇ ಹುಡುಕಬೇಕು. ತಾನೇ ಹೋಗೋಣ ಅಂದ್ರೆ ಕೆಂಪಾಜಿಯಿಂದ ಯಾವಾಗ ಸುದ್ದಿ ಬರ್ತದೋ, ಜೀಪು ಬಿಟ್ಟು ಕದಲೋ ಹಾಗಿಲ್ಲ. ಹೋಗಬೇಕಾದವನು ಒಬ್ಬನೇ.

ದುಂಡಮ್ಮ ಒಂದು ಹಗ್ಗ ತಂದಳು. ಜೀಪಿನ ಉದ್ದ ಅಳೆದು ಒಂದು ಗಂಟು, ಅಗಲ ಅಳೆದು ಒಂದು ಗಂಟು, ಎತ್ತರಕ್ಕೆ ಒಂದು ಗಂಟು.

"ನೋಡ್ಲಾ, ಕೊಳ್ಳೇಗಾಲದ ಗುಜರಿಗೆ ಹೋಗು. ಈ ಹಗ್ಗದ ಅಳತೆಗೆ ಯಾವ್ದು ಸರಿಯಾಗಿ ಕೂತ್ಕತದೋ ಅದ್ನ ತತ್ತಾ. ಒಂದು ಬೆಳ್ಳು ಹೆಚ್ಚು ಬ್ಯಾಡ, ಒಂದು ಬೆಳ್ಳು ಕಮ್ಮಿ ಬ್ಯಾಡ."

"ಆಯ್ತು ಕಣವ್ವ."

ಹೋದ. ಸಂಜೆಗೆ ಬಂದ. ಎತ್ತಿನ ಗಾಡಿ ಮೇಲೆ ಏನೋ ದೊಡ್ಡದು ಹೇರ್ಕೊಂಡು, ಮುಖ ಅರಳಿಸ್ಕೊಂಡು ಬಂದ. ದುಂಡಮ್ಮ ಓಡಿ ಬಂದು ನೋಡ್ತಾಳೆ: ಕೋಳಿ ಸಾಗಿಸೋ ಪಂಜರ! ನಾಲ್ಕು ಕಡೆಗೂ ಜಾಲರಿ, ಮೇಲೂ ಜಾಲರಿ. ಮೂಲೇಲಿ ಒಂದು ಕೋಳಿ ಬೇರೆ, ಗಾಬರಿಯಾಗಿ ಕೂತಿತ್ತು.

"ಇದೇನ್ಲಾ!"

"ಟಾಪು ಕಣವ್ವ. ಉದ್ದ ಸರಿ, ಅಗಲ ಸರಿ, ಎತ್ತರ ಸರಿ. ಒಂದು ಬೆಳ್ಳು ಹೆಚ್ಚಿಲ್ಲ, ಒಂದು ಬೆಳ್ಳು ಕಮ್ಮಿ ಇಲ್ಲ!"

"ಮಳೆ ಬಂದ್ರೆ ಏನ್ಲಾ ಗತಿ?"

"ಮಳೆ ಅಳತೆ ನೀನು ಹಗ್ಗದಾಗೆ ಕಟ್ಟೇ ಇರ್ನಿಲ್ವಲ್ಲ!"

ದುಂಡಮ್ಮ ಹಣೆ ಚಚ್ಚಿಕೊಂಡಳು. ಕೋಳಿಯನ್ನ ಬಿಟ್ಟಳು, ಅದು ಓಡಿ ಹಿತ್ತಲಿಗೆ ಹೋಗಿ ಅಲ್ಲೇ ಸಂಸಾರ ಹೂಡ್ತು. ಆಮೇಲೆ ಮಗನ ಕಿವಿ ಹಿಡಿದಳು.

"ಲೇ ಬೆಪ್ಪೆ, ಟಾಪು ಆರಿಸೋದು ಅಂದ್ರೆ ಅಳತೆ ಒಂದೇ ಅಲ್ಲ ಕಣ್ಲಾ! ಹೆಣ್ಣು ನೋಡೋಕೆ ಹೋದಂಗೆ ಹೋಗ್ಬೇಕು. ಹಿರೀಕ್ರ ಕರ್ಕೊಂಡು ಹೋಗ್ಬೇಕು. ಯಾವ ಮನೇದು, ಯಾವ ಬಳಗದ್ದು, ಎಲ್ಲಿ ಬೆಳೀತು ಅಂತ ವಿಚಾರಿಸ್ಬೇಕು. ಮುಂದೆ ನೋಡ್ಬೇಕು, ಹಿಂದೆ ನೋಡ್ಬೇಕು, ಐಬು ಐತಾ ಅಂತ ಕಣ್ಣಿಟ್ಟು ನೋಡ್ಬೇಕು. ತಿಳೀತಾ?"

"ತಿಳೀತು ಕಣವ್ವ. ಹೆಣ್ಣು ನೋಡೋಕೆ ಹೋದಂಗೆ."

ತಿಳೀತಂತೆ! ಮುಂದೆ ಕೇಳಿ.

ಕೊಳ್ಳೇಗಾಲದಲ್ಲಿ ಸಿಗಲಿಲ್ಲ ಅಂತ ಈ ಸಲ ಮೈಸೂರಿಗೆ ಹೊರಟ. ದುಂಡಮ್ಮ ಎದ್ದು ನೋಡೋ ಹೊತ್ತಿಗೆ ಹೊರಟುಹೋಗಿದ್ದ, ಇಲ್ಲದಿದ್ರೆ ತಡೀತಿದ್ದಳು. ಬಿಳೀ ಪಂಚೆ, ಬಿಳೀ ಶರ್ಟು, ತಲೆಗೆ ಎಣ್ಣೆ. ತಟ್ಟೇಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ. ಜೊತೆಗೆ ಸೋದರಮಾವ ನಂಜೇದೇವ. ಈ ನಂಜೇದೇವನಿಗೆ ಕಣ್ಣು ಮಂಜು ಮಂಜು. "ಮಾವ, ಹೆಣ್ಣು ನೋಡೋಕೆ ಹೋದಂಗೆ ಹೋಗ್ಬೇಕಂತೆ, ಬಾ" ಅಂದಿದ್ದ. ಮಾವನಿಗೆ "ಹೆಣ್ಣು ನೋಡೋಕೆ" ಅಷ್ಟೇ ತಲೆಗೆ ಹೋಯ್ತು. ಅಂತೂ ಈ ನನ್ನ ಅಳಿಯನಿಗೂ ಯಾರೋ ಹೆಣ್ಣು ಕೊಡ್ತಾ ಅವ್ರಲ್ಲ ಅಂತ ಕಣ್ಣಲ್ಲಿ ನೀರು ತಂದ್ಕೊಂಡು ಹೊರಟ.

ಮೈಸೂರಿನ ಗುಜರೀಲಿ ದಸ್ತಗೀರ್ ಸಾಬರು ಹಳೇ ಜೀಪುಗಳ ನಡುವೆ ಸ್ಟೂಲು ಹಾಕ್ಕೊಂಡು ಚಹಾ ಕುಡೀತಾ ಕೂತಿದ್ರು. ಇವರು ತಟ್ಟೆ ಹಿಡಿದು ಬಂದದ್ದು ನೋಡಿ ಎದ್ದು ನಿಂತ್ರು.

"ಏನ್ ಸ್ವಾಮಿ, ಯಾರ ಮನೆಗೆ ಬಂದ್ರಿ?"

"ನಿಮ್ಮ ಮನೆಗೇ ಸಾಬ್ರೆ," ಅಂದ ಗುರುಮಲ್ಲ. "ನೋಡೋಕೆ ಬಂದಿದ್ದೀವಿ. ನಮ್ಮದು ಹಳೇ ಜೀಪು, ಗಿಡ್ಡ ಮೈದು. ತಗಡಿನ ಟಾಪು ಬೇಕು."

ಸಾಬರಿಗೆ ನಗು ಬಂತು. ತಡಕೊಂಡ್ರು. ಒಳ್ಳೇ ಮನುಷ್ಯ. ಮೂಲೇಲಿ ನಿಂತಿದ್ದ ಒಂದು ಹಳೇ ಜೀಪಿನ ಹತ್ರ ಕರ್ಕೊಂಡು ಹೋಗಿ ಅದರ ಟಾಪಿನ ಬೆನ್ನು ತಟ್ಟಿದ್ರು.

"ಯಾವ ಬಳಗ?" ಅಂದ ಗುರುಮಲ್ಲ.

"ನಿಮ್ಮ ಜೀಪಿನ ಬಳಗವೇ. ಗಿಡ್ಡ ಮೈದೇ. ಬೋಲ್ಟು ತೂತು ಸಮೇತ ಕೂರ್ತದೆ."

"ಎಲ್ಲಿ ಬೆಳೆದದ್ದು?"

"ರಾಮನಗರದ ಕಡೆ ಒಬ್ಬ ಗೌಡರ ಮನೇಲಿ. ರೇಷ್ಮೆಗೂಡು ಸಾಗಿಸ್ತಿದ್ರು. ಗೂಡಿಗೆ ನೀರು ತಾಗಬಾರದಲ್ಲ, ಹಂಗಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡವ್ರೆ. ಯಾವತ್ತೂ ಮಳೇಲಿ ನಿಲ್ಲಿಸಿಲ್ಲ."

ನಂಜೇದೇವ ಕಣ್ಣು ಕಿರಿದು ಮಾಡಿ ನೋಡಿದ. "ಹುಡ್ಗಿ ಮೈಕಟ್ಟು ಚೆನ್ನಾಗದೆ," ಅಂದ. "ಬಣ್ಣ ಯಾಕೋ ಹಸ್ರು. ಒಂದು ಹಾಡು ಹೇಳವ್ವ!"

ಸಾಬರು ಸ್ಪ್ಯಾನರ್ ತಗೊಂಡು ಟಾಪಿನ ಮೇಲೆ ಬಾರಿಸಿದ್ರು. ಠಣ್ ಅಂತು. "ಕೇಳಿದ್ರಾ? ತುಕ್ಕು ಹಿಡಿದದ್ದಾಗಿದ್ರೆ ಡಬ್ ಅಂತಿತ್ತು. ಇದು ಠಣ್ ಅಂತದೆ."

"ಗಂಟಲು ಚೆನ್ನಾಗದೆ," ಅಂದ ನಂಜೇದೇವ.

"ಐಬು ಐತಾ ನೋಡ್ಬೇಕು," ಅಂದ ಗುರುಮಲ್ಲ.

"ಒಳಗೆ ಕೂತ್ಕೋ, ಬಾಗಿಲು ಹಾಕ್ಕೋ, ಮೇಲೆ ನೋಡು. ಎಲ್ಲಾದ್ರೂ ಒಂದು ಚುಕ್ಕಿ ಬೆಳಕು ಕಂಡ್ರೆ ನನ್ನ ಹೆಸರು ಬದಲಾಯಿಸು."

ಒಳಗೆ ಕೂತ. ಬಾಗಿಲು ಹಾಕ್ಕೊಂಡ. ಸೂಜಿಮೊನೆ ಅಷ್ಟು ಬೆಳಕೂ ಇಲ್ಲ. ರಬ್ಬರು ಪಟ್ಟಿ ಸುತ್ತಲೂ ಗಟ್ಟಿ. ಹಿಂದಿನ ಬಾಗಿಲು ತೆಗೆದ, ಹಾಕಿದ, ತೆಗೆದ, ಹಾಕಿದ. ಹಗ್ಗ ಹಿಡಿದು ಅಳೆದ. ಉದ್ದ ಸರಿ, ಅಗಲ ಸರಿ, ಎತ್ತರ ಸರಿ. ಗುರುಮಲ್ಲನಿಗೆ ಎಷ್ಟು ಖುಷಿ ಆಯ್ತು ಅಂದ್ರೆ ಟಾಪಿಗೆ ಮಲ್ಲಿಗೆ ಮುಡಿಸಿದ, ಬಾಳೆಹಣ್ಣು ಸಾಬರ ಕೈಗೆ ಕೊಟ್ಟ.

"ಒಪ್ಪಿಗೆಯಾ?" ಅಂದ್ರು ಸಾಬರು.

ಗುರುಮಲ್ಲ ಮಾವನ ಮುಖ ನೋಡಿದ, ಗಂಟಲು ಸರಿ ಮಾಡ್ಕೊಂಡ, ಹೆಣ್ಣು ನೋಡೋಕೆ ಹೋದೋರೆಲ್ಲ ಹೇಳೋದನ್ನೇ ಹೇಳಿದ:

"ಊರಿಗೆ ಹೋಗಿ ಹೇಳಿ ಕಳಿಸ್ತೀವಿ."

ಬಂದೇಬಿಟ್ಟ! ಸಾಬರು ಬಾಳೆಹಣ್ಣು ಹಿಡ್ಕೊಂಡು ನಿಂತೇ ಇದ್ರು.

ದುಂಡಮ್ಮ ಕತೆ ಎಲ್ಲ ಕೇಳಿದಳು. ಒಂದು ಕಡೆ ಸಮಾಧಾನ, ಅಂಥ ಟಾಪು ಈ ಭೂಮಿ ಮೇಲೆ ಒಂದು ಅದೆಯಲ್ಲ ಅಂತ. ಇನ್ನೊಂದು ಕಡೆ ಹೊಟ್ಟೆ ಉರಿ.

"ಬುಟ್ಬುಟ್ಟು ಬಂದ್ಯೇನ್ಲಾ! ಅಷ್ಟು ಸರಿಯಾಗಿರೋದ್ನ! ಇನ್ಯಾರಾದ್ರೂ ಎತ್ಕೊಂಡು ಹೋದ್ರೆ?"

"ಹೆಣ್ಣು ನೋಡೋಕೆ ಹೋದಂಗೆ ಅಂದ್ಯಲ್ಲವ್ವ. ಅಲ್ಲೇ ಹೂಂ ಅಂದ್ರೆ ಮರ್ಯಾದೆಯಾ?"

"ಮರ್ಯಾದೆ ತಂದು ಒಲೆಗಾಕು! ಸರಿಯಾಗಿರೋ ಟಾಪು ಕಣ್ಣಿಗೆ ಬಿದ್ರೆ ಎರಡು ಕೈಲೂ ತಬ್ಕೊಂಬುಡ್ಬೇಕು! ಯಾರು ಎಳೆದ್ರೂ ಬುಡ್ಬಾರ್ದು! ತಿಳೀತಾ?"

"ತಿಳೀತು ಕಣವ್ವ. ತಬ್ಕೊಂಬುಡೋದು."

ಬೆಳಗಾಗೆದ್ದು ಮತ್ತೆ ಮೈಸೂರು ಬಸ್ಸು ಹತ್ತಿದ. ಬಸ್ಸಿಳಿದು ಗುಜರಿ ಕಡೆ ನಡೀತಾ ಇದ್ದ. ಒಂದು ಹೋಟೆಲ್ ಮುಂದೆ ಒಂದು ಜೀಪು. ಅದರ ಮೇಲೆ ಅದೇ ಥರದ ಟಾಪು! ಅದೇ ಹಸಿರು! ಗುರುಮಲ್ಲ ಹಿಂದೆ ಮುಂದೆ ನೋಡಲಿಲ್ಲ. ಓಡಿದ, ಹಿಂದಿನಿಂದ ಎರಡು ಕೈಲೂ ತಬ್ಕೊಂಡ.

ಜೀಪಿನವನು ದೋಸೆ ತಿಂದು ಬಂದು ಕೂತ, ಗಾಡಿ ಬಿಟ್ಟ. ಗುರುಮಲ್ಲ ಬಿಡಲಿಲ್ಲ. ಜೀಪು ಸರ್ಕಲ್ ಸುತ್ತಿತು, ಇವನೂ ಸುತ್ತಿದ. ಪೊಲೀಸ್ ಪೀಪಿ ಊದಿದ, ಜನ "ಹೋ ಹೋ" ಅಂದ್ರು, ಹಿಂದೆ ಬರ್ತಿದ್ದ ಸ್ಕೂಟರಿನವನು ಕಾಲು ಹಿಡಿದು ಎಳೆದ. ಯಾರು ಎಳೆದ್ರೂ ಬಿಡಬಾರದಲ್ಲ! ಕೊನೆಗೆ ಜೀಪು ನಿಂತಿತು. ಮೀಸೆಯ ದೊಡ್ಡ ಮನುಷ್ಯ ಇಳಿದು ಬಂದ.

"ಯಾವನಯ್ಯ ನೀನು? ಹಲ್ಲಿ ಥರ ಅಂಟ್ಕೊಂಡಿದ್ದೀಯ!"

"ಸರಿಯಾಗಿರೋ ಟಾಪು ಕಂಡ್ರೆ ತಬ್ಕೋಬೇಕಂತೆ ಸ್ವಾಮಿ!"

ಮೀಸೆಯವನು ಹೊಡೆಯೋಕೆ ಕೈ ಎತ್ತಿದ. ಇವನ ಮುಖ ನೋಡಿದ, ಕೈ ಇಳಿಸಿದ. ಗುರುಮಲ್ಲನ ಮುಖ ಅಂಥದ್ದು.

"ಅಯ್ಯಾ, ಕೇಳು. ಜೀಪಿನ ಮೇಲೆ ಟಾಪು ಇರೋದು ಕಂಡ್ರೆ ದೂರ ನಿಂತ್ಕೋ. ಕೈ ಮುಗಿ. 'ಸ್ವಾಮಿ, ನಿಮ್ಮ ಟಾಪು ಕಲ್ಲು ಕೂತ ಹಾಗೆ ಕೂತಿರ್ಲಿ, ಎಂದೆಂದೂ ಕದಲದಿರ್ಲಿ' ಅಂತ ಒಳ್ಳೇ ಮಾತು ಹೇಳು. ನಿನ್ನ ದಾರಿ ಹಿಡಿ. ಗೊತ್ತಾಯ್ತಾ?"

"ಗೊತ್ತಾಯ್ತು ಸ್ವಾಮಿ. ಕಲ್ಲು ಕೂತ ಹಾಗೆ."

ಬಾಯಲ್ಲಿ ಅದನ್ನೇ ಅಂದ್ಕೊಳ್ತಾ ಗುಜರಿಗೆ ಬಂದ. ಸದ್ಯ, ಟಾಪು ಅಲ್ಲೇ ಇತ್ತು! ದಸ್ತಗೀರ್ ಸಾಬರು ಯಾರಿಗೂ ಕೊಟ್ಟಿರಲಿಲ್ಲ. ಈ ಹುಚ್ಚಪ್ಪ ಬಂದೇ ಬರ್ತಾನೆ ಅಂತ ಬೆಳಗ್ಗೆಯಿಂದ ಅವರೇ ಬೋಲ್ಟು ಬಿಚ್ತಾ ಕೂತಿದ್ರು. ಹಳೇ ಬೋಲ್ಟು, ಗುಜರೀಲಿ ನಿಂತು ತುಕ್ಕು ಕಚ್ಚಿಕೊಂಡಿದ್ದವು. ಸಾಬರು ಬೆವರು ಸುರಿಸ್ತಾ, ಹಲ್ಲು ಕಚ್ಚಿ, ಸ್ಪ್ಯಾನರಿಗೆ ಜೋತು ಬಿದ್ದಿದ್ರು.

ಗುರುಮಲ್ಲ ದೂರ ನಿಂತ. ಕೈ ಮುಗಿದ. ಗಟ್ಟಿಯಾಗಿ ಹೇಳಿದ:

"ಸ್ವಾಮಿ, ನಿಮ್ಮ ಟಾಪು ಕಲ್ಲು ಕೂತ ಹಾಗೆ ಕೂತಿರ್ಲಿ! ಎಂದೆಂದೂ ಕದಲದಿರ್ಲಿ!"

ಸ್ಪ್ಯಾನರು ಜಾರಿತು, ಸಾಬರ ಗೆಣ್ಣು ತರಚಿತು.

"ಯಾ ಅಲ್ಲಾ! ನಾನು ಇಲ್ಲಿ ನಿನಗೋಸ್ಕರ ಸಾಯ್ತಾ ಇದ್ದೀನಿ, ನೀನು ನನಗೇ ಶಾಪ ಹಾಕ್ತೀಯಾ? ಬಿಚ್ಚೋನು ಕಂಡ್ರೆ 'ಬೇಗ ಬಿಚ್ಕೊಳ್ಳಲಿ, ಒಂದೂ ಉಳೀದಂಗೆ ಕಳಚ್ಕೊಂಡು ಬರ್ಲಿ' ಅನ್ಬೇಕು ಕಣೋ!"

"ಬೇಗ ಬಿಚ್ಕೊಳ್ಳಲಿ! ಒಂದೂ ಉಳೀದಂಗೆ ಕಳಚ್ಕೊಂಡು ಬರ್ಲಿ!" ಅಂತ ಗುರುಮಲ್ಲ ಶುರು ಹಚ್ಕೊಂಡ. ಸಾಬರು ಸೀಮೆಎಣ್ಣೆ ಬಿಟ್ರು, ಸುತ್ತಿಗೇಲಿ ತಟ್ಟಿದ್ರು. ಕಿರ್ ಅಂತು, ಒಂದು ಬಂತು. ಇನ್ನೊಂದು ಬಂತು. ಎಲ್ಲ ಬಂದವು. ಇಬ್ಬರೂ ಟಾಪಿಗೆ ಭುಜ ಕೊಟ್ಟು ಎತ್ತಿದ್ರು. ಸಾಬರು ಉಸ್ ಅಂತ ಕೂತು ತಲೆ ಒರೆಸ್ಕೊಂಡ್ರು. "ನಿಮ್ಮಮ್ಮನಿಗೆ ನನ್ನ ಸಲಾಂ ಹೇಳು," ಅಂದ್ರು. "ಬಹಳ ಗಟ್ಟಿ ಹೆಂಗಸು ಇರ್ಬೇಕು."

ದುಡ್ಡು ಕೊಟ್ಟದ್ದಾಯ್ತು, ಬಾಡಿಗೆ ಟೆಂಪೋ ಹಿಡಿದು ಟಾಪನ್ನ ಅದರ ಮೇಲೆ ಹೇರಿದ್ರು. ಟೆಂಪೋ ಡ್ರೈವರು ಹಗ್ಗ ಬಿಗೀತಾ ಇದ್ದ, ಮೊಣಕಾಲು ಕೊಟ್ಟು, ಗಂಟಿನ ಮೇಲೆ ಗಂಟು. ಪಕ್ಕದಲ್ಲೇ ನಿಂತು ಗುರುಮಲ್ಲ ಕೈ ಮುಗಿದು ಅಂತಾನೆ:

"ಬೇಗ ಬಿಚ್ಕೊಳ್ಳಲಿ! ಒಂದೂ ಉಳೀದಂಗೆ ಕಳಚ್ಕೊಂಡು ಬರ್ಲಿ!"

ಡ್ರೈವರಿಗೆ ರೇಗಿಹೋಯ್ತು. "ಬಾಯಿ ಮುಚ್ಚಯ್ಯ, ಅಪಶಕುನ! ಟೆಂಪೋ ಬಿಡೋ ಹೊತ್ತಿಗೆ ಇಂಥ ಮಾತಾಡ್ತೀಯಾ? ಟಾಪಿನ ಪಕ್ಕ ಹತ್ತಿ ಕೂತ್ಕೋ. ನಾನಾಗಿ ಕೇಳೋವರ್ಗೂ ತುಟಿ ಪಿಟಕ್ ಅನ್ಬೇಡ!"

ಹತ್ತಿ ಕೂತ. ತುಟಿ ಮುಚ್ಚಿದ.

ಇತ್ತ ದುಂಡಮ್ಮ ರಸ್ತೇಲಿ ನಿಂತಿದ್ದಳು. ಯಾಕೆ ಅಂದ್ರೆ ಕಾರೆದೊಡ್ಡಿಯಿಂದ ಫೋನು ಬಂದಿತ್ತು. ಕೆಂಪಾಜಿಗೆ ಬೇನೆ ಶುರುವಾಯ್ತು, ಬೇಗ ಬನ್ನಿ. ಬೆಟ್ಟದ ತಲೆ ಮೇಲೆ ಮೋಡ ಕಪ್ಪಗೆ ಕಟ್ಟಿತ್ತು. ಟಾಪಿಲ್ಲದ ಜೀಪು ಅಂಗಳದಲ್ಲಿ ನಿಂತಿತ್ತು. ದುಂಡಮ್ಮ ಜೀಪಿನ ಕೀಲಿ ಕೈಲಿ ಹಿಡಿದು ದಾರಿ ನೋಡ್ತಿದ್ದಳು. ಒಂದು ಗಳಿಗೆ ನೋಡ್ತೀನಿ, ಬರದಿದ್ರೆ ಹಂಗೇ ಹೊರಡ್ತೀನಿ ಅಂತ ನಿಂತಿದ್ಳು.

ದೂರದಲ್ಲಿ ಟೆಂಪೋ ಕಾಣಿಸ್ತು. ಮೇಲೆ ಹಸಿರು ಟಾಪು. ಪಕ್ಕದಲ್ಲಿ ಮಗ. ದುಂಡಮ್ಮ ಕೈ ಬೀಸಿದಳು.

ಟೆಂಪೋ ಬಂತು. ಹತ್ರ ಬಂತು. ಸರ್ ಅಂತ ಮುಂದಕ್ಕೆ ಹೋಯ್ತು!

ಡ್ರೈವರಿಗೆ ತಾಳುಗಟ್ಟೆ ಯಾವುದು ಅಂತ ಗೊತ್ತಿಲ್ಲ, ಹುಡುಗ ಹೇಳ್ತಾನೆ ಅಂತ ಅವನ ನಂಬಿಕೆ. ಹುಡುಗ ಹೇಳ್ತಾನಾ? ತುಟಿ ಪಿಟಕ್ ಅನ್ನಬಾರದಲ್ಲ! ಅಮ್ಮನ್ನ ನೋಡಿದ, ಕಣ್ಣು ದೊಡ್ಡದು ಮಾಡಿದ, ಎರಡು ಕೈಲೂ ಬಾಯಿ ಮುಚ್ಕೊಂಡು ಮುಂದೆ ಹೋದ.

"ಅಯ್ಯೋ ನನ್ನ ಟಾಪು! ಲೇ ಮಲ್ಲ!"

ದುಂಡಮ್ಮ ಜೀಪಿಗೆ ಹಾರಿದಳು. ಅವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು, ಅದೃಷ್ಟ ನೋಡಿ! ಮುಂದೆ ಟಾಪು ಓಡ್ತಾ ಇದೆ, ಹಿಂದೆ ಟಾಪಿಲ್ಲದ ಜೀಪು ಹಾರನ್ ಹೊಡೀತಾ ಅಟ್ಟಿಸ್ಕೊಂಡು ಓಡ್ತಾ ಇದೆ. ದಾರೀಲಿ ಕುರಿ ಕಾಯೋರು ನಿಂತು ನೋಡಿದ್ರು. ಕೊನೆಗೆ ಬೆಟ್ಟದ ದಾರಿ ತೋರಿಸೋ ಕೈಮರದ ಹತ್ರ ಅಡ್ಡ ಹಾಕಿ ನಿಲ್ಲಿಸಿದಳು.

"ಯಾಕ್ಲಾ ಬಾಯಿ ಬುಡ್ನಿಲ್ಲ?"

ಗುರುಮಲ್ಲ ಡ್ರೈವರ ಮುಖ ನೋಡ್ತಾನೆ. ಅವನು ಕೇಳಬೇಕಲ್ಲ!

"ಮಾತಾಡಯ್ಯ ಮಾರಾಯ!" ಅಂದ ಡ್ರೈವರು.

"ಈವಾಗ ಕೇಳ್ದ ಕಣವ್ವ! ಊರು ಹಿಂದೆ ಹೋಯ್ತು ಅಣ್ಣ!"

ಬೈಯೋಕೆ ಹೊತ್ತೆಲ್ಲಿತ್ತು? ಅಲ್ಲೇ ರಸ್ತೆ ಪಕ್ಕದಲ್ಲೇ ಟಾಪು ಇಳಿಸಿ ಜೀಪಿನ ಮೇಲೆ ಕೂರಿಸಿದ್ರು. ನೋಡಿ, ಆ ಕ್ಷಣ ದುಂಡಮ್ಮ ಉಸಿರು ಹಿಡ್ಕೊಂಡಿದ್ದಳು. ಟಾಪು ಕೂತಿತು. ತೂತಿಗೆ ತೂತು ಸರಿ. ರಬ್ಬರು ಪಟ್ಟಿ ಒತ್ತಿ ಕೂತಿತು. ಹಿಂದಿನ ಬಾಗಿಲು ಸದ್ದೇ ಇಲ್ಲದೆ ಹಾಕ್ಕೊಂಡಿತು. ಮಗ ಇಷ್ಟು ಪಾಡು ಪಟ್ಟು ಆರಿಸಿದ ಟಾಪು ಅದೇ ಜೀಪಿಗೆ ಹುಟ್ಟಿದ ಹಾಗೆ ಇತ್ತು. ದುಂಡಮ್ಮ ಅದರ ಮೇಲೆ ಕೈಯಾಡಿಸಿ ಉಸಿರು ಬಿಟ್ಟಳು. "ಅಪ್ಪಾ, ಮಾದೇವ," ಅಂದಳು. ಆತುರದಲ್ಲಿ ಬೋಲ್ಟುಗಳನ್ನ ಕೈಯಲ್ಲೇ ತಿರುಗಿಸಿ ಬೆಟ್ಟ ಹತ್ತಿದ್ರು.

ಅರ್ಧ ದಾರೀಲಿ ಮಳೆ ಹಿಡೀತು. ಎಂಥಾ ಮಳೆ ಅಂತೀರಿ! ಟಾಪಿನ ಮೇಲೆ ಕಡ್ಲೆ ಹುರಿದ ಹಾಗೆ. ಒಳಗೆ ಒಂದು ಹನಿ ಇಲ್ಲ. ಕಾರೆದೊಡ್ಡೀಲಿ ಕೆಂಪಾಜಿಯನ್ನ ಛತ್ರಿ ಹಿಡಿದು ತಂದು ಹಿಂದೆ ಮಲಗಿಸಿದ್ರು. ಅವಳು ಅಮ್ಮನ ಕೈ ಹಿಡ್ಕೊಂಡು, "ಈ ಸಲವೂ ಮಳೆ ಬಂತಲ್ಲವ್ವ," ಅಂತ ಅತ್ತಳು.

"ಬರ್ಲಿ ಬುಡು. ಮೇಲೆ ಟಾಪು ಅದೆ. ನಿನ್ನ ತಮ್ಮ ತಂದದ್ದು."

ದುಂಡಮ್ಮ ಮಗನ ಕಡೆ ತಿರುಗಿದಳು.

"ಲೇ ಮಲ್ಲ, ಕಿವಿಗೊಟ್ಟು ಕೇಳು. ಡಾಕ್ಟ್ರು ಬಂದು ನೋಡೋವರ್ಗೂ ಈ ಟಾಪು ನಿಮ್ಮಕ್ಕನ ತಲೆ ಮೇಲಿಂದ ಕದಲಬಾರ್ದು. ಅವಳ ಮೇಲೆ ಒಂದು ಹನಿ ಬಿದ್ರೆ ನಿನ್ನ ಸುಮ್ನೆ ಬುಡಾಕಿಲ್ಲ."

"ಆಯ್ತು ಕಣವ್ವ."

ಹೇಳಬಾರದಿತ್ತು. ಆದ್ರೆ ಹೆತ್ತ ಕರುಳು, ಭಯಕ್ಕೆ ಹೇಳಿದಳು.

ಜಾರೋ ದಾರೀಲಿ ಇಳಿಸ್ಕೊಂಡು ಬಂದು ಆಸ್ಪತ್ರೆ ಮುಂದೆ ನಿಲ್ಲಿಸಿದಳು. ಬಾಗಿಲಿಗೆ ಒಂದಷ್ಟು ದೂರ, ನಡುವೆ ಮಳೆ ಧೋ ಅಂತ. "ಸ್ಟ್ರೆಚರ್ ತರ್ತೀನಿ, ಇರು" ಅಂತ ದುಂಡಮ್ಮ ಒಳಗೆ ಓಡಿದಳು. ಅವಳು ಒಂದು ಬಾಗಿಲಿಂದ ಒಳಗೆ ಹೋದಳು, ನರ್ಸಮ್ಮ ಫಿಲೋಮಿನಾ ಇನ್ನೊಂದು ಬಾಗಿಲಿಂದ ಛತ್ರಿ ಹಿಡಿದು ಹೊರಗೆ ಬಂದ್ರು. ಕೆಂಪಾಜಿಯನ್ನ ಒಂದು ಸಲ ನೋಡಿದ್ರು.

"ಅಯ್ಯೋ, ತಡ ಮಾಡೋ ಹಂಗಿಲ್ಲ! ಏನಪ್ಪ, ಸೀಟು ಸಮೇತ ಎತ್ಕೊಂಡು ಬಾ ಒಳಕ್ಕೆ, ಬೇಗ!"

ಗುರುಮಲ್ಲ ನಿಂತ. ಅಕ್ಕ ಒಳಕ್ಕೆ ಹೋಗಬೇಕು. ಟಾ‍ಪು ಅಕ್ಕನ ತಲೆ ಮೇಲಿಂದ ಕದಲಬಾರದು. ಎರಡೂ ಆಗಬೇಕು. ಆಗಲ್ಲ ಅಂತ ನೀವು ಅಂತೀರಿ, ನಾನೂ ಅಂತೀನಿ. ಅವನು ಅನ್ನಲಿಲ್ಲ!

ಜಗಲೀಲಿ ಚಹಾ ಕುಡೀತಿದ್ದ ಗಂಡಸರನ್ನ ಕೂಗಿದ. "ಬನ್ರಣ್ಣ! ನಮ್ಮಕ್ಕನಿಗೆ ಹೆರಿಗೆ! ಟಾಪು ಹಿಡೀರಣ್ಣ!" ಹೆರಿಗೆ ಅಂದ್ರೆ ಯಾವ ಗಂಡಸು ಯೋಚನೆ ಮಾಡ್ತಾನೆ, ಓಡಿ ಬಂದ್ರು. ಬೋಲ್ಟು ಕೈಲೇ ಬಿಚ್ಕೊಂಡವು. ಇಬ್ಬರು ಸೀಟು ಸಮೇತ ಕೆಂಪಾಜಿಯನ್ನ ಎತ್ತಿದ್ರು, ಮಿಕ್ಕೋರು ಟಾಪು ಹೆಗಲ ಮೇಲೆ ಎತ್ತಿದ್ರು, ಗುರುಮಲ್ಲ ಮುಂದಿನ ಮೂಲೆಗೆ. ಹೊರಟರು.

ದುಂಡಮ್ಮ ಸ್ಟ್ರೆಚರ್ ತಳ್ಕೊಂಡು ಹೊರಗೆ ಬಂದು ನೋಡ್ತಾಳೆ: ಜೀಪು ಬೋಳು! ಒಳಗೆ ನೀರು ಹರೀತಾ ಇದೆ. ಮಗಳಿಲ್ಲ, ಮಗನಿಲ್ಲ. ಹಸಿರು ಟಾಪು ಒಂದು, ಕೆಳಗೆ ಪಂಚೆ ಕಟ್ಟಿದ ಕಾಲುಗಳು, ಆಸ್ಪತ್ರೆ ಮೆಟ್ಟಿಲು ಹತ್ತಿ ಒಳಕ್ಕೆ ನಡ್ಕೊಂಡು ಹೋಗ್ತಾ ಇದೆ! ಅವಳು ಕಿರುಚಿಕೊಂಡು ಹಿಂದೆ ಓಡಿದಳು.

ಒಳಗೆ ಏನಾಯ್ತು ಕೇಳಿ. ದೊಡ್ಡ ಬಾಗಿಲಲ್ಲಿ ಟಾಪು ಹೋಯ್ತು. ಹೆರಿಗೆ ಕೋಣೆ ಬಾಗಿಲಲ್ಲಿ ಹೋಗಲಿಲ್ಲ. ಅಡ್ಡ ಮಾಡಿದ್ರು, ಓರೆ ಮಾಡಿದ್ರು, ಇಲ್ಲ. "ಅದನ್ನ ಬಿಟ್ಟು ಬರ್ರಯ್ಯ!" ಅಂತ ನರ್ಸಮ್ಮ ಕೂಗಿದ್ರು. "ಡಾಕ್ಟ್ರು ನೋಡ್ಬೇಕಲ್ಲಮ್ಮ!" ಅಂತ ಗುರುಮಲ್ಲ ಕೂಗಿದ. ಕೆಂಪಾಜಿ ಎಲ್ಲರಿಗಿಂತ ಜೋರಾಗಿ ಕೂಗಿದಳು. ಮಗು ಬಾಗಿಲು ಗೀಗಿಲು ಅಂತ ಕಾಯೋ ಹಾಗೆ ಕಾಣಲಿಲ್ಲ.

ನರ್ಸಮ್ಮ ಗಟ್ಟಿಗಿತ್ತಿ. "ಹಂಗೇ ಹಿಡ್ಕೊಂಡು ನಿಂತ್ಕೊಳ್ಳಿ! ಎಲ್ಲಾರೂ ಗೋಡೆ ಕಡೆ ಮುಖ ಮಾಡಿ! ತಿರುಗಿ ನೋಡ್ದೋನ ಕಣ್ಣಿಗೆ ಸೂಜಿ ಚುಚ್ತೀನಿ!" ಅಂದ್ರು. ಟಾಪಿನ ಬೋಲ್ಟು ತೂತಿಗೆ ದಾರ ಪೋಣಿಸಿ ಸುತ್ತಲೂ ಬೆಡ್‌ಶೀಟು ಇಳಿಬಿಟ್ರು. ಆಸ್ಪತ್ರೆ ಪಡಸಾಲೆ ನಡುವೆ ಒಂದು ಕೋಣೆ ಆಯ್ತು. ದುಂಡಮ್ಮ ಒದ್ದೆಮುದ್ದೆಯಾಗಿ ಬಂದವಳೇ ಬೆಡ್‌ಶೀಟು ಸರಿಸಿ ಒಳಗೆ ನುಗ್ಗಿ ಮಗಳ ತಲೆ ಮಡಿಲಲ್ಲಿ ಇಟ್ಕೊಂಡಳು. ಗಂಡಸರು ಗೋಡೆ ನೋಡ್ತಾ ನಿಂತ್ರು. ಒಬ್ಬ ಕಣ್ಣು ಮುಚ್ಚಿ ಮಾದೇಶ್ವರನ ಹೆಸರು ಹೇಳ್ತಿದ್ದ, ಇನ್ನೊಬ್ಬನಿಗೆ ಹೆಗಲು ಇಳಿದುಹೋಗ್ತಿತ್ತು. ಗುರುಮಲ್ಲ ಅಲುಗಲಿಲ್ಲ.

ಆಮೇಲೆ ಅಳು ಕೇಳಿಸ್ತು. ಸಣ್ಣದು, ಆದ್ರೆ ಎಂಥಾ ಕೋಪ ಅದಕ್ಕೆ!

"ಹೆಣ್ಣು!" ಅಂದ್ರು ನರ್ಸಮ್ಮ. "ಗಟ್ಟಿಯಾಗವ್ಳೆ. ತಾಯೀನೂ ಗಟ್ಟಿಯಾಗವ್ಳೆ."

ದುಂಡಮ್ಮ ಅತ್ತಳು. ಹೋದ ಸಲದ್ದೂ ಈ ಸಲದ್ದೂ ಸೇರಿಸಿ ಅತ್ತಳು. ಟಾಪು ಹೊತ್ತ ಗಂಡಸರೂ ಗೋಡೆ ಕಡೆ ಮುಖ ಮಾಡ್ಕೊಂಡೇ ಕಣ್ಣು ಒರೆಸ್ಕೊಂಡ್ರು. ತಾಯಿ ಮಗು ಇಬ್ಬರನ್ನೂ ಮೆತ್ತಗೆ ಕೋಣೆ ಒಳಗೆ ಸಾಗಿಸಿದ್ರು.

ಗಂಡಸರು ಕೇಳಿದ್ರು, "ಇಳಿಸೋಣ್ವೇನಪ್ಪ?"

"ಊಹುಂ. ಡಾಕ್ಟ್ರು ಬಂದು ನೋಡ್ಬೇಕು."

ಅಷ್ಟರಲ್ಲಿ ಡಾಕ್ಟ್ರು ಓಡೋಡಿ ಬಂದ್ರು. ಬಂದವರೇ "ಎಲ್ಲಿ, ಎಲ್ಲಿ?" ಅಂತ ಬೆಡ್‌ಶೀಟು ಸರಿಸಿ ಟಾಪಿನ ಕೆಳಕ್ಕೆ ಹೋದ್ರು. ಅಲ್ಲಿ ಯಾರಿದ್ದಾರೆ? ಖಾಲಿ! "ಯಾರೂ ಇಲ್ವಲ್ಲ!" ಅಂತ ಒಳಗಿಂದ ಕೂಗಿದ್ರು.

ಗುರುಮಲ್ಲನ ಮುಖ ಅರಳಿತು.

"ಡಾಕ್ಟ್ರು ಬಂದ್ರು! ನೋಡಿದ್ರು! ಇಳಿಸ್ರಣ್ಣ!"

ಇಳಿಸಿದ್ರು. ಡಾಕ್ಟ್ರ ಸಮೇತ.

ಒಳಗಿಂದ ಧಡ್ ಧಡ್ ಅಂತ ಬಡಿಯೋ ಸದ್ದು. ದುಂಡಮ್ಮ ಓಡಿ ಬಂದು ಟಾಪಿನ ಹಿಂದಿನ ಬಾಗಿಲು ತೆಗೆದಳು. ಡಾಕ್ಟ್ರು ಕನ್ನಡಕ ಓರೆ ಮಾಡ್ಕೊಂಡು, ಮಂಡಿಯೂರಿ, ಅಂಬೆಗಾಲಲ್ಲಿ ಹೊರಗೆ ಬಂದ್ರು.

ದುಂಡಮ್ಮ ಮಗನ ಕಡೆ ತಿರುಗಿದಳು. ಕೈ ಎತ್ತಿದಳು. ಬೈಯೋಕೆ ಬಾಯಿ ತೆಗೆದಳು. ಕೋಣೆಯಿಂದ ಮಗು ಅಳೋದು ಕೇಳಿಸ್ತು. ಎತ್ತಿದ ಕೈ ಹಾಗೇ ಅವನ ತಲೆ ಮೇಲೆ ಹೋಗಿ ಕೂತಿತು. ತಲೆ ಒಣಗೇ ಇತ್ತು, ಒಂದು ಹನಿ ಬಿದ್ದಿರಲಿಲ್ಲ.

"ಅವ್ವ," ಅಂದ ಗುರುಮಲ್ಲ, ಹೆದರಿಕೊಂಡು. "ಮುಂದಿನ ಸಲಿ ಹೆಂಗೆ ಮಾಡ್ಬೇಕು?"

"ಮುಂದಿನ ಸಲಿಯೂ ಹಿಂಗೇ ಮಾಡು ನನ್ನಪ್ಪ," ಅಂದಳು ದುಂಡಮ್ಮ. "ಹಿಂಗೇ ಮಾಡು."

ನೋಡಿ, ಮತ್ತೆ ಹೇಳಿಬಿಟ್ಟಳು! ಈಗ ಆ ಮಗು ಓಡಾಡ್ತದೆ. ಅದಕ್ಕೆ ಒಂದು ಸಲ ಮೂಗು ಸೋರಲಿ, ಒಂದು ಸಲ ಕೆಮ್ಮು ಬರಲಿ, ದುಂಡಮ್ಮನ ಅಂಗಳದಲ್ಲಿ ಬೋಲ್ಟು ಬಿಚ್ಚೋ ಸದ್ದು ಕೇಳಿಸ್ತದೆ. ಆಸ್ಪತ್ರೇಲಿ ಡಾಕ್ಟ್ರು ಕಿಟಕೀಲಿ ಹಸಿರು ಟಾಪು ನಡ್ಕೊಂಡು ಬರೋದು ಕಂಡ್ರೆ ಸಾಕು, ತಾವೇ ಎದ್ದು ಹೊರಗೆ ಓಡಿ ಬರ್ತಾರೆ.